ಶಾಲೆಯ ಕಣ್ಣು ಮಗುವಿನ ಮೇಲಿರಲಿ

ಹದಿಹರೆಯವು ಏರುಪೇರಿನ ವಯಸ್ಸು. ಹಿರಿಯರಿಗೆ ಸಣ್ಣದೆಂದು ತೋರುವ ಸೋಲು, ಅವಮಾನಗಳು ಆ ವಯಸ್ಸಿನಲ್ಲಿ ಬೆಟ್ಟದಷ್ಟು ಭಾರವಾಗುತ್ತವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದಲ್ಲಿ 13,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಅಸುನೀಗಿದರು. ಇದು ಮಹಾನಗರಗಳ ಸಂಕಟವೆಂದು ತಿಳಿದು ಸಿಂಧನೂರು, ಲಿಂಗಸೂಗೂರು, ಮಸ್ಕಿ ಭಾಗದ ನಾವು ನಿಶ್ಚಿಂತರಾಗಿರಲಾಗದು.

ನಮ್ಮ ಸೀಮೆಯ ಅನೇಕ ತಂದೆತಾಯಿಗಳು ದುಡಿಮೆಯನ್ನರಸಿ ಗುಳೆ ಹೋಗುತ್ತಾರೆ. ಮಕ್ಕಳು ಅಜ್ಜ-ಅಜ್ಜಿಯರ ಬಳಿಯಲ್ಲೋ ವಸತಿನಿಲಯದಲ್ಲೋ ಉಳಿಯುತ್ತಾರೆ. ಅಂತಹ ಮಗುವನ್ನು ನಿತ್ಯವೂ ಕಾಣುವವರು ಶಾಲೆಯವರೇ. ಶಾಲೆಯವರೆಂದರೆ ಶಿಕ್ಷಕರಷ್ಟೇ ಅಲ್ಲ. ಜವಾನರು, ನಿಲಯಪಾಲಕರು, ಅಡುಗೆಯ ತಾಯಂದಿರೂ ಹೌದು. ಅಕ್ಷರ ದಾಸೋಹದ ಬಿಸಿಯೂಟವು 2002ರಲ್ಲಿ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ರಾಯಚೂರೂ ಒಂದು. ತಟ್ಟೆಯ ಮುಂದೆ ಕುಳಿತೂ ಉಣ್ಣದ ಮಗುವನ್ನು ಬಡಿಸುವ ಕೈಯೇ ಮೊದಲು ಗುರುತಿಸೀತು.

ಗಮನಿಸಬೇಕಾದ ಲಕ್ಷಣಗಳು ಕೆಲವಿವೆ. ಗೆಳೆಯರಿಂದ ದೂರ ಸರಿಯುವುದು, ಓದು-ಆಟಗಳಲ್ಲಿ ಆಸಕ್ತಿ ಕಳೆದುಕೊಳ್ಳುವುದು, ಪದೇ ಪದೇ ಗೈರುಹಾಜರಾಗುವುದು, ಪ್ರಿಯವಾದ ವಸ್ತುಗಳನ್ನು ಇತರರಿಗೆ ಕೊಟ್ಟುಬಿಡುವುದು, “ನಾನಿದ್ದು ಏನು ಪ್ರಯೋಜನ” ಎನ್ನುವುದು. ಇಂತಹ ಮಾತನ್ನು ಹುಡುಗಾಟವೆಂದು ತಳ್ಳಿಹಾಕಬಾರದು.

ಹಾಗೆ ಕಂಡಾಗ ಮಗುವನ್ನು ಏಕಾಂತಕ್ಕೆ ಕರೆದು, ಉಪದೇಶಿಸದೆ, ಇತರರೊಡನೆ ಹೋಲಿಸದೆ, ತಾಳ್ಮೆಯಿಂದ ಕೇಳಿಸಿಕೊಳ್ಳಬೇಕು. “ಸಾಯಬೇಕೆಂಬ ಆಲೋಚನೆ ಬಂದಿದೆಯೇ?” ಎಂದು ನೇರವಾಗಿ ಕೇಳಬಹುದು. ಕೇಳಿದರೆ ಆ ಆಲೋಚನೆ ಹುಟ್ಟುತ್ತದೆಂಬುದು ತಪ್ಪು ತಿಳುವಳಿಕೆ. ಕೇಳುವವರು ಸಿಕ್ಕಾಗ ಮನಸ್ಸಿನ ಭಾರ ಇಳಿಯುತ್ತದೆ. ಹೌದೆಂದರೆ ಮಗುವನ್ನು ಒಂಟಿಯಾಗಿ ಬಿಡದೆ ಮುಖ್ಯೋಪಾಧ್ಯಾಯರಿಗೂ ಪಾಲಕರಿಗೂ ತಿಳಿಸಬೇಕು. ಮನೆಯೇ ನೋವಿನ ಮೂಲವಾಗಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಗುಟ್ಟಾಗಿಡುವ ವಚನವನ್ನು ಮಾತ್ರ ಕೊಡಬಾರದು. ಬಳಿಕ ಸಿಂಧನೂರು ಅಥವಾ ಲಿಂಗಸೂಗೂರಿನ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ದೂರವಾಣಿ 14416ರಲ್ಲಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ.

ಇದು ಶಾಲೆಗಳ ಇಚ್ಛೆಗೆ ಬಿಟ್ಟ ವಿಷಯವಲ್ಲ. 2025ರ ಜುಲೈ 25ರಂದು ಸರ್ವೋಚ್ಚ ನ್ಯಾಯಾಲಯವು ಶಿಕ್ಷಣ ಸಂಸ್ಥೆಗಳಿಗೆ ಮಾರ್ಗಸೂಚಿಗಳನ್ನು ವಿಧಿಸಿತು. ಅವುಗಳಂತೆ ಬೋಧಕ, ಬೋಧಕೇತರ ಸಿಬ್ಬಂದಿಗಳೆಲ್ಲರಿಗೂ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ಕೊಡಬೇಕು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವಲ್ಲಿ ಒಬ್ಬ ಆಪ್ತಸಲಹೆಗಾರರಿರಬೇಕು. ಶಾಲಾಭಿವೃದ್ಧಿ ಸಮಿತಿಗಳಲ್ಲಿ, ಮಠಗಳ ವಿದ್ಯಾಸಂಸ್ಥೆ ಮತ್ತು ಪ್ರಸಾದ ನಿಲಯಗಳ ಆಡಳಿತ ಮಂಡಳಿಗಳಲ್ಲಿ ಇರುವ ಸದ್ಭಕ್ತರು ಮುಂದಿನ ಸಭೆಯಲ್ಲಿಯೇ ಈ ಪ್ರಶ್ನೆಯನ್ನೆತ್ತಲಿ.

ಮನೆಯವರ ಹೊಣೆಯೂ ಕಡಿಮೆಯದಲ್ಲ. ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ ಅಂಕಗಳನ್ನು ಕೇಳುವ ಮೊದಲು ಮಗುವಿಗೆ ಉಣಬಡಿಸಿರಿ. ಅನುತ್ತೀರ್ಣರಾದವರು ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಬಹುದೆಂದು ತಿಳಿಹೇಳಿರಿ. ಭತ್ತ, ಹತ್ತಿ ಬೆಳೆಯುವ ಮನೆಗಳಲ್ಲಿ ಬೆಳೆಗೆ ಸಿಂಪಡಿಸುವ ಔಷಧವು ಬೀಗದೊಳಗೆ, ಮಕ್ಕಳ ಕೈಗೆಟುಕದಂತಿರಲಿ.

ಅಂಕಪಟ್ಟಿಯನ್ನು ಮರುವರ್ಷ ತಿದ್ದಿಕೊಳ್ಳಬಹುದು. ಹೋದ ಜೀವವನ್ನು ಮರಳಿ ತರಲಾಗದು. ಶಾಲೆಯೂ ಮನೆಯೂ ಸಕಾಲದಲ್ಲಿ ಮಗುವಿನ ಮಾತಿಗೆ ಕಿವಿಗೊಡಲಿ.