ರೇಟಿಗೆ ಜಾಗವಿಲ್ಲದ ಲೆಕ್ಕಪುಸ್ತಕ

ಕೆಂಪು ಬಟ್ಟೆ ಹೊದಿಸಿದ ದಪ್ಪ ರಟ್ಟಿನ ಪುಸ್ತಕ. ಒಂದೊಂದು ಪುಟಕ್ಕೂ ಸ್ಕೇಲಿಟ್ಟು ಎಳೆದ ಆರು ಅಂಕಣ: ಒಡವೆಯ ಹೆಸರು, ಎಲ್ಲಿಂದ ಬಂತು, ಯಾವಾಗ ಬಂತು, ಒಟ್ಟು ತೂಕ, ನಿವ್ವಳ ತೂಕ, ಈಗ ಎಲ್ಲಿದೆ. ಏಳನೆಯದಾಗಿ ಬೆಲೆಯ ಅಂಕಣ ಇದ್ದೇ ಇರುತ್ತದೆಂದು ಹುಡುಕಿದೆ. ಇರಲಿಲ್ಲ.

"ರೇಟು ದಿನಾ ಪೇಪರಿನಲ್ಲಿ ಬರತ್ತೆ. ನಮ್ಮ ಮನೆ ಬಳೆ ತೂಕ ಯಾವ ಪೇಪರಿನಲ್ಲಿ ಬರತ್ತೆ ಹೇಳಿ?" ಎಂದರು ಪುಸ್ತಕದ ಒಡತಿ.

ಅವರು ಸಹಕಾರಿ ಬ್ಯಾಂಕೊಂದರ ಒಡವೆ ಸಾಲದ ಕೌಂಟರಿನಲ್ಲಿ ಕೂತು ನಿವೃತ್ತರಾದವರು. ಮನೆ ಮೈಸೂರಿನಲ್ಲಿ. ಬಡಾವಣೆಯ ಹೆಸರು ಬೇಡ, ತಮ್ಮ ಹೆಸರೂ ಬೇಡ ಎಂದಿದ್ದಾರೆ. ಮನೆಯ ಚಿನ್ನದ ವಿಷಯ ಬರೆಯುವವನಿಗೆ ಹಾಕಬೇಕಾದ ಷರತ್ತೇ ಅದು. ನಾನು ಹೋಗಿದ್ದು ಬೇರೆ ಕೆಲಸಕ್ಕೆ. ಚಿನ್ನ, ಬೆಳ್ಳಿ, ಕ್ರಿಪ್ಟೋ ಎಲ್ಲವನ್ನೂ ಒಂದೇ ಪರದೆಯ ಮೇಲೆ ತೋರಿಸುವ ಮೊಬೈಲ್ ಆ್ಯಪ್‌ಗಳ ಬಗ್ಗೆ ಬರೆಯಬೇಕಿತ್ತು. ಅವರ ಮೊಮ್ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು, ಅಂಥ ನಾಲ್ಕಾರು ಆ್ಯಪ್‌ಗಳನ್ನು ಬಳಸಿ ಬಿಟ್ಟವನು. "ಅಜ್ಜಿ ಹತ್ರ ಒಂದ್ಸಲ ಮಾತಾಡಿ" ಎಂದು ಕರೆದುಕೊಂಡು ಹೋದವನು ಅವನೇ. ಆ್ಯಪ್‌ಗಳ ವಿಷಯ ಅಲ್ಲಿಗೇ ನಿಂತಿತು.

ಒಟ್ಟು ತೂಕ, ನಿವ್ವಳ ತೂಕ ಎಂಬ ಎರಡು ಅಂಕಣ ಬ್ಯಾಂಕಿನಿಂದ ಬಂದ ಅಭ್ಯಾಸ. ಕಲ್ಲಿನ ಓಲೆಯಲ್ಲಿ ಕಲ್ಲು, ಗುಂಡಿನ ಸರದಲ್ಲಿ ಒಳಗೆ ತುಂಬಿದ ಅರಗು, ಹಳೇ ಡಾಬಿನಲ್ಲಿ ಬೆಸುಗೆ, ಇವನ್ನೆಲ್ಲ ಕಳೆದ ಮೇಲೆ ಉಳಿದದ್ದಕ್ಕೆ ಮಾತ್ರ ಸಾಲ. ಕೈಗೆ ಭಾರವೆನಿಸುವ ಅಡ್ಡಿಕೆ ನಿವ್ವಳದಲ್ಲಿ ಎಷ್ಟು ಹಗುರಾಗುತ್ತದೆಂದು ಗೊತ್ತಾದಾಗ ಕೌಂಟರಿನ ಆಚೆಗಿದ್ದ ಮುಖಗಳು ಹೇಗಾಗುತ್ತಿದ್ದವು ಎಂಬುದನ್ನು ಅವರು ಇನ್ನೂ ಮರೆತಿಲ್ಲ. ಹಾಗಾಗಿ ಮನೆಯ ಪ್ರತಿ ಒಡವೆಗೂ ಎರಡೂ ತೂಕ ಬರೆದಿದ್ದಾರೆ. ಅತ್ತೆಯ ಕಾಲದವಕ್ಕೆ ಆಚಾರಿಯ ಚೀಟಿಯಲ್ಲಿದ್ದ ತೊಲ, ಗುಂಜಿಗಳನ್ನು ಹಾಗೇ ಉಳಿಸಿಕೊಂಡು ಪಕ್ಕದಲ್ಲಿ ಗ್ರಾಂ ಹಾಕಿದ್ದಾರೆ. ಒಂದು ತೊಲಕ್ಕೆ 96 ಗುಂಜಿ, 11.66 ಗ್ರಾಂ.

ಪುಸ್ತಕದ ನಡುವೆ ಒಂದು ಪುಟ ನನ್ನನ್ನು ಅರ್ಧ ಮಧ್ಯಾಹ್ನ ಹಿಡಿದಿಟ್ಟಿತು. ಅದು ಕಾಸಿನ ಸರದ ಪುಟ. ಸರದ ಹೆಚ್ಚಿನ ಕಾಸುಗಳು ಲಕ್ಷ್ಮಿಯ ಅಚ್ಚಿನವು, ಇಲ್ಲಿಯ ಆಚಾರಿಗಳೇ ಒತ್ತಿದ್ದು. ನಡುವಿನ ಕೆಲವು ಮಾತ್ರ ಅಸಲಿ ಬ್ರಿಟಿಷ್ ಸವರನ್. ಅವುಗಳನ್ನು ಒಂದೊಂದಾಗಿ ಪಟ್ಟಿ ಮಾಡಿ, ಪಕ್ಕದಲ್ಲಿ ಇಂಗ್ಲಿಷಿನ ಒಂದೊಂದು ಅಕ್ಷರ ಬರೆದಿದ್ದರು: ‘ಎಸ್’, ‘ಪಿ’, ‘ಎಂ’. ಒಂದರ ಮುಂದೆ ‘ಐ’.

ಭೂತಗನ್ನಡಿ ತಂದುಕೊಟ್ಟರು. ಒಂದು ಕಡೆ ಐದನೇ ಜಾರ್ಜ್ ದೊರೆಯ ತಲೆ, ಇನ್ನೊಂದು ಕಡೆ ಕುದುರೆ ಏರಿ ಘಟಸರ್ಪವನ್ನು ಇರಿಯುತ್ತಿರುವ ಸೇಂಟ್ ಜಾರ್ಜ್. ಕುದುರೆಯ ಕಾಲಕೆಳಗಿನ ನೆಲದ ಗೆರೆಯ ಮೇಲೆ, ಇಸವಿಗೆ ಸರಿಯಾಗಿ ಮೇಲ್ಗಡೆ, ಸಾಸಿವೆಗಿಂತ ಸಣ್ಣದೊಂದು ಅಕ್ಷರ. ನಾಣ್ಯ ಯಾವ ಟಂಕಸಾಲೆಯದು ಎಂಬುದರ ಗುರುತು ಅದು. ‘ಎಸ್’ ಎಂದರೆ ಸಿಡ್ನಿ, ‘ಎಂ’ ಮೆಲ್ಬರ್ನ್, ‘ಪಿ’ ಪರ್ತ್, ‘ಸಿ’ ಕೆನಡಾದ ಒಟ್ಟಾವಾ, ‘ಎಸ್‌ಎ’ ದಕ್ಷಿಣ ಆಫ್ರಿಕದ ಪ್ರಿಟೋರಿಯಾ. ಲಂಡನ್ನಿನದಕ್ಕೆ ಅಕ್ಷರವೇ ಇಲ್ಲ. ‘ಐ’ ಎಂದರೆ ಇಂಡಿಯಾ. ಇಸವಿ ನೋಡಿದೆ: 1918.

ಅದು 1918 ಅಲ್ಲದೆ ಬೇರೆ ಇಸವಿ ಆಗಿರಲು ಸಾಧ್ಯವೇ ಇರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಸಮುದ್ರಮಾರ್ಗ ಅಪಾಯಕ್ಕೆ ಸಿಕ್ಕಿದಾಗ ಚಿನ್ನವನ್ನು ಲಂಡನ್ನಿಗೆ ಸಾಗಿಸಿ ನಾಣ್ಯ ಮಾಡಿಸಿ ತರಿಸುವ ದಾರಿ ಕಷ್ಟವಾಯಿತು. ಮುಂಬಯಿಯ ಟಂಕಸಾಲೆಯಲ್ಲೇ ಬ್ರಿಟಿಷ್ ರಾಯಲ್ ಮಿಂಟ್‌ನ ಶಾಖೆ ತೆರೆದು ಸವರನ್ ಒತ್ತಿದರು. ಸಂಖ್ಯೆ 13 ಲಕ್ಷಕ್ಕೆ ತುಸು ಕಡಿಮೆ. ಆ ಒಂದು ಇಸವಿಯದ್ದನ್ನು ಬಿಟ್ಟರೆ ಐದನೇ ಜಾರ್ಜ್ ಕಾಲದಲ್ಲಿ ಮತ್ತೆ ಇಲ್ಲ. ಅದೇ ಸಾಲಿನಲ್ಲಿ ಅಷ್ಟೇ ತೂಕದ, ಅಷ್ಟೇ ಶುದ್ಧತೆಯ 15 ರೂಪಾಯಿಯ ಚಿನ್ನದ ಮೊಹರೂ ಅಲ್ಲಿ ಅಚ್ಚಾಯಿತು. ಒಂದು ಸವರನ್‌ಗೆ 15 ರೂಪಾಯಿ ಎಂಬ ಲೆಕ್ಕ ಅದಕ್ಕೆ ಮೊದಲೇ ರೂಢಿಯಲ್ಲಿತ್ತು. 2013ರಲ್ಲಿ ಭಾರತದಲ್ಲಿ ಮತ್ತೆ ಸವರನ್ ತಯಾರಾದಾಗ ‘ಐ’ ಮರಳಿತು. ನಡುವೆ 95 ವರ್ಷದ ಅಂತರ.

ಮುಂಬಯಿಯಲ್ಲಿ ಹುಟ್ಟಿದ ಆ ನಾಣ್ಯ ಮೈಸೂರಿನ ಒಂದು ಮದುವೆಗೆ ಹೇಗೆ ಬಂದು, ಯಾರ ಕೈಯಲ್ಲಿ ಕೊಂಡಿ ಬೆಸೆಸಿಕೊಂಡು, ಲಕ್ಷ್ಮಿಯರ ನಡುವೆ ಸೇರಿತು ಎಂದು ನಾನು ಕೇಳುತ್ತಲೇ ಇದ್ದೆ. ಅಜ್ಜಿಗೆ ಅದರಲ್ಲಿ ಆಸಕ್ತಿಯಿಲ್ಲ. ನಾಣ್ಯ ಸಂಗ್ರಾಹಕರು ಇದಕ್ಕೆ ಹೆಚ್ಚು ಕೊಡುತ್ತಾರೆ ಎಂದರೆ, ಕೊಂಡಿ ಬೆಸೆದ ನಾಣ್ಯಕ್ಕೆ ಯಾರೂ ಕೊಡುವುದಿಲ್ಲ ಎಂದರು. ಅದು ನಿಜ. ಅವರು ಅಕ್ಷರ ಬರೆದಿಟ್ಟಿದ್ದು ಬೇರೆ ಕಾರಣಕ್ಕೆ: ಸರ ರಿಪೇರಿಗೆ ಹೋಗಿ ಬಂದಾಗ ಹೋದ ಕಾಸೇ ವಾಪಸ್ ಬಂದಿದೆಯೇ ಎಂದು ನೋಡಲು. ಸವರನ್ ಹೊಸದಿದ್ದಾಗ 7.988 ಗ್ರಾಂ, 22 ಕ್ಯಾರೆಟ್. ಕತ್ತಿನ ಬೆವರಿಗೆ, ಸೆರಗಿನ ಉಜ್ಜಾಟಕ್ಕೆ ಸವೆದು ಇವು ಅಷ್ಟಿಲ್ಲ. ಅಂಗಡಿಯಲ್ಲಿ ಸವರನ್ ಎಂದರೆ ಕಣ್ಣುಮುಚ್ಚಿ 8 ಗ್ರಾಂ ಹಿಡಿಯುತ್ತಾರೆ. ಪುಸ್ತಕದಲ್ಲಿ ಪ್ರತಿ ಕಾಸಿಗೂ ಅದರದೇ ತೂಕ ಇದೆ.

ಮನೆಯ ಚಿನ್ನದ ಲೆಕ್ಕವನ್ನು ಹೀಗೆ ಗುಟ್ಟಾಗಿ, ಕೈಬರಹದಲ್ಲಿ ಇಡುವುದಕ್ಕೆ ಒಂದು ತಲೆಮಾರಿನ ಭಯವೂ ಕಾರಣ. 1963ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿ ತಂದ ಚಿನ್ನ ನಿಯಂತ್ರಣ ನಿಯಮ ಹೊಸ ಒಡವೆಯನ್ನು 14 ಕ್ಯಾರೆಟ್‌ಗೆ ಇಳಿಸಿತು, ಸಾವಿರಾರು ಅಕ್ಕಸಾಲಿಗರ ಕುಲುಮೆ ಆರಿಸಿತು. 1968ರ ಕಾಯ್ದೆ ಜನಸಾಮಾನ್ಯರು ಗಟ್ಟಿ ಚಿನ್ನ ಇಟ್ಟುಕೊಳ್ಳುವುದನ್ನೇ ತಡೆಯಿತು. 1990ರಲ್ಲಿ ಅದು ರದ್ದಾಯಿತು, ಸಂಪತ್ತು ತೆರಿಗೆ 2015ರ ಬಜೆಟ್‌ನಲ್ಲಿ ಹೋಯಿತು. ಭಯ ಮಾತ್ರ ವಾಟ್ಸ್‌ಆ್ಯಪ್‌ನಲ್ಲಿ ಉಳಿದಿದೆ. ಮದುವೆಯಾದ ಹೆಣ್ಣಿಗೆ 500 ಗ್ರಾಂ, ಆಗದವಳಿಗೆ 250, ಗಂಡಸಿಗೆ 100, ಅದಕ್ಕಿಂತ ಹೆಚ್ಚಿದ್ದರೆ ಅಪರಾಧ ಎಂಬ ಸಂದೇಶ ನಿಮಗೂ ಬಂದಿರುತ್ತದೆ. 1994ರ ಮೇ ತಿಂಗಳ ತೆರಿಗೆ ಮಂಡಳಿಯ ಆ ಸೂಚನೆ ಹೇಳುವುದು ಬೇರೆ: ದಾಳಿಯ ವೇಳೆ ಅಷ್ಟರವರೆಗಿನ ಒಡವೆಯನ್ನು ಅಧಿಕಾರಿ ಜಪ್ತಿ ಮಾಡಬಾರದು. ಇಟ್ಟುಕೊಳ್ಳಲು ಮಿತಿ ಅದಲ್ಲ. ಎಲ್ಲಿಂದ ಬಂತೆಂದು ಹೇಳಬಲ್ಲವರಿಗೆ ಮಿತಿಯೇ ಇಲ್ಲ. ಹೇಳಬೇಕಾದರೆ ಎಲ್ಲಿಯಾದರೂ ಬರೆದಿರಬೇಕು ಅಷ್ಟೆ.

ಪುಸ್ತಕದ ಎರಡು, ಮೂರನೇ ಅಂಕಣಗಳ ಬೆಲೆ ಮಾರುವ ದಿನ ಗೊತ್ತಾಗುತ್ತದೆ. ಅತ್ತೆಯಿಂದ ಬಂದ ಹಳೇ ಒಡವೆ ಮಾರಿದರೆ ಲಾಭ ಲೆಕ್ಕ ಹಾಕುವಾಗ 2001ರ ಏಪ್ರಿಲ್ 1ರ ಬೆಲೆಯನ್ನು ಮೂಲಬೆಲೆಯಾಗಿ ತೋರಿಸಬಹುದು. ಆದರೆ ಒಡವೆ ಆ ದಿನಕ್ಕಿಂತ ಮೊದಲಿನದು ಎಂದಾಗಬೇಕು. ಆಗ 10 ಗ್ರಾಂಗೆ 5,000 ರೂಪಾಯಿಯೂ ಇರಲಿಲ್ಲ. 2025ರ ಏಪ್ರಿಲ್‌ನಲ್ಲಿ ಒಂದು ಲಕ್ಷ ದಾಟಿತು. ಲಾಕರಿನದು ಇನ್ನೊಂದು ಕಥೆ. ಒಳಗೆ ಏನಿದೆ ಎಂಬ ಪಟ್ಟಿ ಬ್ಯಾಂಕಿನ ಬಳಿ ಇರುವುದಿಲ್ಲ. 2022ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ ಬೆಂಕಿಗೋ ಕಳ್ಳರಿಗೋ ಸಿಕ್ಕರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿಗೆ ಮುಗಿಯಿತು. ಲಾಕರಿನಲ್ಲಿ ಏನಿದೆಯೆಂದು ಹೇಳುವ ಒಂದೇ ಕಾಗದ ಈ ಕೆಂಪು ಪುಸ್ತಕ, ಅದನ್ನು ಅವರು ಲಾಕರಿನಲ್ಲಿ ಇಟ್ಟಿಲ್ಲ.

ಕೊನೆಯ ಪುಟಗಳಲ್ಲಿ ‘ಇತರೆ’ ಎಂಬ ತಲೆಬರಹದ ಕೆಳಗೆ ಬಿಟ್‌ಕಾಯಿನ್ ಇದೆ.

ಮೊಮ್ಮಗ 2017ರಲ್ಲಿ ಕೊಂಡದ್ದು, 0.04 ಬಿಟ್‌ಕಾಯಿನ್. ಅಜ್ಜಿ ಆ ದಶಾಂಶವನ್ನು ಪುಸ್ತಕಕ್ಕೆ ಬಿಟ್ಟುಕೊಳ್ಳಲಿಲ್ಲ. ಬಿಂದು ಒಂದು ಮನೆ ಆಚೀಚೆಯಾಗಿ ಕೌಂಟರಿನಲ್ಲಿ ಏನೇನಾಗುತ್ತದೆಂದು ಕಂಡವರು. ಇದಕ್ಕೆ ಚಿಲ್ಲರೆ ಇಲ್ಲವೇ ಎಂದು ಕೇಳಿದರಂತೆ. ಇತ್ತು: ಒಂದು ಬಿಟ್‌ಕಾಯಿನ್‌ಗೆ 10 ಕೋಟಿ ಸತೋಶಿ. ಹಾಗಾಗಿ ಪುಸ್ತಕದಲ್ಲಿರುವುದು ‘ಸತೋಶಿ 40,00,000’, ಗುಂಡಾದ ಬ್ಯಾಂಕ್ ಅಕ್ಷರದಲ್ಲಿ. ಪಕ್ಕದಲ್ಲಿ ಕೊಂಡ ದಿನ, ಕೊಟ್ಟ ರೂಪಾಯಿ, ಈಗ ಎಕ್ಸ್‌ಚೇಂಜ್‌ನಲ್ಲಿದೆಯೋ ಸ್ವಂತ ವ್ಯಾಲೆಟ್ಟಿನಲ್ಲೋ ಎಂಬ ಮಾಹಿತಿ. ಕೊಟ್ಟ ರೂಪಾಯಿಗೆ ಇಲ್ಲಿ ಮಾತ್ರ ಜಾಗ ಸಿಕ್ಕಿದೆ, ಏಕೆಂದರೆ 2022ರ ಏಪ್ರಿಲ್‌ನಿಂದ ಲಾಭಕ್ಕೆ ಸೀದಾ ಶೇ 30 ತೆರಿಗೆ, ಕಳೆಯಲು ಬಿಡುವುದು ಕೊಂಡ ಬೆಲೆಯನ್ನು ಮಾತ್ರ. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಮಾರುವಾಗ ಶೇ 1 ಟಿಡಿಎಸ್ ಬೇರೆ. ಎಕ್ಸ್‌ಚೇಂಜ್ ಬಾಗಿಲು ಹಾಕಿದರೆ ಕೊಂಡ ದಾಖಲೆಯೂ ಅದರ ಜೊತೆಗೇ ಹೋಗುತ್ತದೆ. 2024ರ ಜುಲೈನಲ್ಲಿ ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜ್‌ನಿಂದ ಸುಮಾರು 23 ಕೋಟಿ ಡಾಲರ್ ಮೊತ್ತದ ಕ್ರಿಪ್ಟೋ ಕಳುವಾಗಿ, ಗ್ರಾಹಕರು ತಮ್ಮದನ್ನು ಹಿಂಪಡೆಯಲಾಗದೆ ಕೂತಿದ್ದರು.

ನನಗೆ ಬಿಟ್‌ಕಾಯಿನ್ ಬಗ್ಗೆ ಇದ್ದ ಅನುಮಾನ ಇದ್ದಲ್ಲೇ ಇದೆ. ಆದರೆ ಮೊಮ್ಮಗ ಆ್ಯಪ್‌ಗಳನ್ನು ಅಳಿಸಿದ ಕಾರಣ ಒಪ್ಪುವಂಥದ್ದು. ವ್ಯಾಲೆಟ್ಟಿನ ಸಾರ್ವಜನಿಕ ಕೀಲಿಯನ್ನು ಟ್ರ್ಯಾಕರ್‌ಗೆ ಕೊಟ್ಟರೆ ಅದು ಹಣ ತೆಗೆಯಲಾರದು, ನೋಡಬಲ್ಲದು ಮಾತ್ರ ಎನ್ನುತ್ತಾರೆ. ನೋಡುವವರು ಯಾರು? ಬ್ಯಾಲೆನ್ಸ್ ತಿಳಿಯಲು ಆ್ಯಪ್ ಯಾರದೋ ಸರ್ವರನ್ನು ಕೇಳಬೇಕು. ಹಾಗೆ ಕೇಳಿದಾಗ ನಿಮ್ಮ ವಿಳಾಸಗಳೆಲ್ಲ ಒಂದೇ ಕೈಯವು ಎಂದು ಆ ಸರ್ವರಿಗೆ ಗೊತ್ತಾಗುತ್ತದೆ. ಯಾರನ್ನೂ ಕೇಳದೆ ನೋಡಬೇಕೆಂದರೆ ಆರುನೂರು ಜಿಬಿ ಮೀರಿದ ಇಡೀ ಬ್ಲಾಕ್‌ಚೈನನ್ನು ಮನೆಯ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. 2020ರಲ್ಲಿ ಲೆಜರ್ ಎಂಬ ಫ್ರೆಂಚ್ ಕಂಪನಿಯಿಂದ ಹಾರ್ಡ್‌ವೇರ್ ವ್ಯಾಲೆಟ್ ಕೊಂಡಿದ್ದ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಹೆಸರು, ಮನೆ ವಿಳಾಸ, ಫೋನ್ ಸಂಖ್ಯೆ ಸೋರಿ ಬಯಲಾದವು. ವ್ಯಾಲೆಟ್ ಭದ್ರವಾಗಿಯೇ ಇತ್ತು, ಯಾರ ಮನೆಯಲ್ಲಿ ವ್ಯಾಲೆಟ್ ಇದೆ ಎಂಬ ಪಟ್ಟಿ ಊರ ಪಾಲಾಯಿತು. ಇದನ್ನು ಹೇಳಿದಾಗ ಅಜ್ಜಿ ನಕ್ಕು, "ಬೀಗ ಗಟ್ಟಿ, ಬಾಗಿಲ ಮೇಲೆ ಬೋರ್ಡು" ಎಂದರು.

ಇಷ್ಟಕ್ಕೂ ಅಲುಗಾಡಿಸದೆ ಇಟ್ಟ 40 ಲಕ್ಷ ಸತೋಶಿ ನಾಳೆಯೂ 40 ಲಕ್ಷವೇ. ಅದನ್ನು ದಿನಕ್ಕೆ ಹತ್ತು ಸಲ ನೋಡಿ ಬರುವ ಹೊಸ ವಿಷಯ ರೇಟು ಒಂದೇ, ಅದಕ್ಕೆ ನಮ್ಮ ಲೆಕ್ಕವನ್ನು ಯಾರಿಗೂ ತೋರಿಸಬೇಕಾಗಿಲ್ಲ. ಆಸ್ತಿ ಎಷ್ಟಾಯಿತೆಂದು ಬಣ್ಣದ ಚಕ್ರದಲ್ಲಿ ತೋರಿಸುವ ಆ್ಯಪ್‌ಗಳು ಲೆಕ್ಕ ಇಡುತ್ತವೆ ಎನ್ನುವುದಕ್ಕಿಂತ ಚಡಪಡಿಕೆ ಹಂಚುತ್ತವೆ ಎಂದೇ ನನ್ನ ಅಭಿಪ್ರಾಯ.

ವ್ಯಾಲೆಟ್ಟಿನ ಜೀವವಾದ ಹನ್ನೆರಡು ಪದಗಳು ಪುಸ್ತಕದಲ್ಲಿಲ್ಲ. ಅವು ಇರುವ ಜಾಗ, ಅದು ಗೊತ್ತಿರುವ ಇಬ್ಬರು ಯಾರು ಎಂಬುದಿದೆ. 2,048 ಪದಗಳ ಒಂದು ಪಟ್ಟಿಯಿಂದ ಯಂತ್ರ ಆರಿಸಿಕೊಡುವ ಪದಗಳವು. ಕೊನೆಯ ಪದದಲ್ಲಿ ಮಿಕ್ಕವನ್ನು ತಾಳೆ ನೋಡುವ ಅಂಶ ಸೇರಿರುವುದರಿಂದ ಬರೆಯುವಾಗ ಆದ ತಪ್ಪು ಬಹುಮಟ್ಟಿಗೆ ಸಿಕ್ಕಿಬೀಳುತ್ತದೆ. ತಾಳೆಯ ಮಾತು ಕೇಳಿದ್ದೇ ಅಜ್ಜಿಯ ಕಿವಿ ನೆಟ್ಟಗಾಯಿತು. ವ್ಯಾಲೆಟ್ ಅಳಿಸಿ, ಚೀಟಿಯಲ್ಲಿರುವ ಪದಗಳಿಂದಲೇ ಮತ್ತೆ ತೆಗೆದು ತೋರಿಸು ಎಂದು ಪಟ್ಟು ಹಿಡಿದರು. ಮೊಮ್ಮಗ ಬೆವರುತ್ತ ಅಳಿಸಿದ, ಪದ ಹಾಕಿದ, 40 ಲಕ್ಷ ವಾಪಸ್ ಬಂತು. ಪುಟದ ಅಂಚಿನಲ್ಲಿ ‘ಪರಿಶೀಲಿಸಿದೆ’ ಎಂದು ಬರೆದು ಸಣ್ಣ ಸಹಿ ಹಾಕಿದ್ದಾರೆ. ವೇಲ್ಸ್‌ನ ಜೇಮ್ಸ್ ಹೋವೆಲ್ಸ್ 2013ರಲ್ಲಿ ಕಸಕ್ಕೆ ಹೋದ ಹಾರ್ಡ್ ಡಿಸ್ಕ್‌ಗಾಗಿ, ಅದರಲ್ಲಿದ್ದವೆನ್ನುವ ಸುಮಾರು 8,000 ಬಿಟ್‌ಕಾಯಿನ್‌ಗಾಗಿ, ನ್ಯೂಪೋರ್ಟ್ ಪಾಲಿಕೆಯೊಂದಿಗೆ ವರ್ಷಗಟ್ಟಲೆ ಹೋರಾಡಿ 2025ರ ಜನವರಿಯಲ್ಲಿ ನ್ಯಾಯಾಲಯದಲ್ಲಿ ಸೋತದ್ದನ್ನು ಓದಿದಾಗೆಲ್ಲ ನನಗೀಗ ಆ ಸಹಿ ನೆನಪಾಗುತ್ತದೆ.

ಮತ್ತೆ ಒಡವೆಯ ಪುಟಗಳಿಗೆ ಬಂದರೆ, ಹೊಸ ಒಡವೆಗಳಿಗೆ ಮಾತ್ರ ಆ ಆರರ ಜೊತೆಗೆ ಒಂದು ಅಂಕಣ ಹೆಚ್ಚಾಗಿದೆ: ಹಾಲ್‌ಮಾರ್ಕಿನ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ. 2023ರ ಏಪ್ರಿಲ್‌ನಿಂದ ಅದಿಲ್ಲದೆ ಅಂಗಡಿಯವರು ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾವ ಅಂಗಡಿ, ಯಾವ ಪರೀಕ್ಷಾ ಕೇಂದ್ರ, ಎಷ್ಟು ಶುದ್ಧ ಎಂಬುದು ಬರುತ್ತದೆ. ಅಜ್ಜಿ ಇಟ್ಟುಕೊಂಡಿರುವ ಆ್ಯಪ್ ಇದೊಂದೇ.

ಪುಸ್ತಕ ಒಂದೇ ಇದೆಯಲ್ಲ, ಕಳೆದರೆ ಎಂದು ಕೇಳಿದೆ. ಮೊಮ್ಮಗ ಫೋಟೊ ತೆಗೆದಿಡುತ್ತೇನೆ ಎಂದಿದ್ದನಂತೆ. ಫೋನಿನ ಫೋಟೊ ಎಲ್ಲೆಲ್ಲಿಗೆ ಹೋಗಿ ಕೂರುತ್ತದೆಂದು ಅವನೇ ಒಮ್ಮೆ ವಿವರಿಸಿದ್ದರಿಂದ ಆ ಮಾತು ಬಿದ್ದುಹೋಯಿತು. ಈಗ ಸೊಸೆ ಎರಡನೇ ಪ್ರತಿ ಬರೆಯುತ್ತಿದ್ದಾರೆ, ಇನ್ನೊಂದು ಮನೆಯಲ್ಲಿಡಲು. ಬರೆಯುತ್ತ ಬರೆಯುತ್ತ ಪ್ರತಿಯೊಂದನ್ನೂ ಹೊಸದಾಗಿ ತೂಗುತ್ತಿದ್ದಾರೆ. ನಾನು ಹೊರಡುವ ಹೊತ್ತಿಗೆ ಬೆಳ್ಳಿಯ ಪುಟದಲ್ಲಿ ಜಗಳ ಹತ್ತಿತ್ತು: ಪಂಚಪಾತ್ರೆ ಪುಸ್ತಕದ ತೂಕಕ್ಕಿಂತ ಮೂರು ಗ್ರಾಂ ಕಡಿಮೆ. ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಸವೆದದ್ದು ಎಂದು ಅಜ್ಜಿ, ನಿಮ್ಮ ಹಳೇ ತಕ್ಕಡಿಯೇ ಸರಿಯಿರಲಿಲ್ಲ ಅತ್ತೆ ಎಂದು ಸೊಸೆ. ಮೊಮ್ಮಗ ಪಂಚಪಾತ್ರೆಯನ್ನು ಟವೆಲಿನಲ್ಲಿ ಸುತ್ತಿಕೊಂಡು, ಅಶೋಕ ರಸ್ತೆಯ ಅಂಗಡಿಯಲ್ಲಿ ತೂಗಿಸಿಕೊಂಡು ಬರುತ್ತೇನೆಂದು ಸ್ಕೂಟರ್ ಕೀ ಹುಡುಕುತ್ತಿದ್ದ.