ಕಂಪ್ಯೂಟರ್ ಆನ್ ಆಗುವಾಗಿನ ಬೀಗ

ನಮ್ಮ ಲ್ಯಾಬ್‌ನಲ್ಲಿ ಯಾವ ಕಂಪ್ಯೂಟರಿನ ಮುಂದೆ ಕೂತರೂ ನಮ್ಮ ಫೈಲುಗಳು ಸಿಗುತ್ತವೆ. ಅವು ಇರುವುದು ಸರ್ವರ್‌ನಲ್ಲಿ. ಎನ್‌ಎಫ್‌ಎಸ್ ಎಂಬ ವ್ಯವಸ್ಥೆ ಅವನ್ನು ಪ್ರತಿ ಲಿನಕ್ಸ್ ಯಂತ್ರಕ್ಕೂ ಜೋಡಿಸುತ್ತದೆ. ಈ ಜೋಡಣೆಗೆ ಮೌಂಟ್ ಎನ್ನುತ್ತಾರೆ. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1984ರಲ್ಲಿ ತಂದ ವ್ಯವಸ್ಥೆ ಇದು.

ಕಾಮರ್ಸ್‌ನವರಿಗೆ ಇದೆಲ್ಲ ಯಾಕೆ ಎಂದು ಕೇಳಬೇಡಿ. ಒಂದು ನಗದು ಪುಸ್ತಕದ ಫೈಲು ಇದೆ ಎಂದುಕೊಳ್ಳಿ, ಶಿಲ್ಕು 5,000 ರೂಪಾಯಿ. ಇಬ್ಬರು ಅದನ್ನು ಎರಡು ಯಂತ್ರಗಳಲ್ಲಿ ತೆರೆದಿದ್ದಾರೆ. ಒಬ್ಬರು 1,200 ಜಮಾ ಮಾಡಿ 6,200 ಎಂದು ಸೇವ್ ಮಾಡುತ್ತಾರೆ. ಇನ್ನೊಬ್ಬರ ಪರದೆಯಲ್ಲಿ ಇನ್ನೂ ಹಳೆಯ 5,000 ಇದೆ. ಅವರು 300 ಖರ್ಚು ಕಳೆದು 4,700 ಎಂದು ಸೇವ್ ಮಾಡುತ್ತಾರೆ. ಇರಬೇಕಾದದ್ದು 5,900. ಜಮಾ ಆದ ಹಣ ಪುಸ್ತಕದಿಂದಲೇ ಮಾಯ, ಒಂದು ಎಚ್ಚರಿಕೆಯೂ ಬರುವುದಿಲ್ಲ! ಒಬ್ಬರು ಬರೆಯುವಾಗ ಇನ್ನೊಬ್ಬರ ಪ್ರೋಗ್ರಾಂ ಕಾಯುವಂತೆ ಮಾಡುವುದೇ ಲಾಕ್.

ತೊಡಕು ಬರುವುದು ಯಂತ್ರ ಆನ್ ಆಗುವಾಗ. ಎನ್‌ಎಫ್‌ಎಸ್‌ನ 3ನೇ ಆವೃತ್ತಿಯಲ್ಲಿ ಲಾಕ್ ವ್ಯವಹಾರ ಪ್ರತ್ಯೇಕ. ಅದಕ್ಕೆ ಆರ್‌ಪಿಸಿಬೈಂಡ್, ಸ್ಟ್ಯಾಟ್‌ಡಿ ಎಂಬ ಹಿನ್ನೆಲೆಯ ಪ್ರೋಗ್ರಾಂಗಳು ಬೇಕು. ಯಾವ ಯಂತ್ರದೊಂದಿಗೆ ಲಾಕ್ ವ್ಯವಹಾರ ಇದೆ ಎಂದು ಸ್ಟ್ಯಾಟ್‌ಡಿ ಬರೆದಿಡುತ್ತದೆ. ಕರೆಂಟ್ ಹೋಗಿ ಯಂತ್ರ ಮತ್ತೆ ಆನ್ ಆದರೆ ಆ ಕಡೆಯವರಿಗೆ ಸುದ್ದಿ ಮುಟ್ಟಿಸಲು ಈ ಪಟ್ಟಿ ಬೇಕು. ಹಾಗಾಗಿ ಮೊದಲು ನೆಟ್‌ವರ್ಕ್, ನಂತರ ಆರ್‌ಪಿಸಿಬೈಂಡ್, ಸ್ಟ್ಯಾಟ್‌ಡಿ, ಕೊನೆಗೆ ಮೌಂಟ್.

ಸ್ಟ್ಯಾಟ್‌ಡಿ ಇಲ್ಲದಿದ್ದರೆ ಮೌಂಟ್ ಆಗುವುದಿಲ್ಲ. ಅದನ್ನು ಶುರು ಮಾಡಿ, ಇಲ್ಲವೇ 'ನೋಲಾಕ್' ಆಯ್ಕೆ ಕೊಡಿ ಎಂಬ ಸಂದೇಶ ಬರುತ್ತದೆ. ನೋಲಾಕ್ ಕೊಟ್ಟರೆ ಕೆಲಸ ಸಲೀಸು, ಆದರೆ ಲಾಕ್ ಆ ಒಂದು ಯಂತ್ರಕ್ಕೆ ಮಾತ್ರ ಸೀಮಿತ. ಪಕ್ಕದ ಯಂತ್ರಕ್ಕೆ ಅದರ ಅರಿವೇ ಇಲ್ಲ. ಹಂಚಿಕೊಂಡ ಫೈಲುಗಳಿಗೆ ಇದು ಬೇಡವೇ ಬೇಡ ಎಂದು ನನ್ನ ಅಭಿಪ್ರಾಯ.

ನೋಲಾಕ್ ಕೊಡಲೇಬೇಕಾದ ಒಂದು ಜಾಗವೂ ಇದೆ. ಸ್ಟ್ಯಾಟ್‌ಡಿಯ ಪಟ್ಟಿ ಇರುವುದು 'ವಾರ್' ಎಂಬ ಫೋಲ್ಡರಿನೊಳಗೆ. ಆ ಫೋಲ್ಡರೇ ಸರ್ವರ್‌ನಿಂದ ಬರಬೇಕಾದರೆ? ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತಾಗುತ್ತದೆ.

ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ 'ನೆಟ್‌ಡೆವ್' ಆಯ್ಕೆ ಬರೆದರೆ ಮೌಂಟ್ ನೆಟ್‌ವರ್ಕಿಗಾಗಿ ಕಾಯುತ್ತದೆ (ಅದರ ಮುಂದೆ ಅಂಡರ್‌ಸ್ಕೋರ್ ಮರೆಯಬೇಡಿ). ಇನ್ನೂ ಸುಲಭ ದಾರಿ 4ನೇ ಆವೃತ್ತಿ. ಅದರಲ್ಲಿ ಲಾಕ್ ಒಳಗೇ ಸೇರಿದೆ, ಸ್ಟ್ಯಾಟ್‌ಡಿ ಬೇಡ, ಸರ್ವರ್‌ನಲ್ಲಿ 2049 ಎಂಬ ಒಂದೇ ಪೋರ್ಟ್ ಸಾಕು. ಟರ್ಮಿನಲ್‌ನಲ್ಲಿ ಎನ್‌ಎಫ್‌ಎಸ್‌ಸ್ಟ್ಯಾಟ್ ಆದೇಶವನ್ನು 'ಎಂ' ಆಯ್ಕೆಯೊಂದಿಗೆ ಕೊಟ್ಟು ನೋಡಿ. ಯಾವ ಆವೃತ್ತಿ ಎಂಬುದೂ ನೋಲಾಕ್ ಇದೆಯೇ ಎಂಬುದೂ ಅಲ್ಲೇ ಕಾಣುತ್ತದೆ.