ಪೀಣ್ಯದ ಶೆಡ್ಡಿನಿಂದ ಹೊರಟ ಯುದ್ಧನೌಕೆ!

ಪರದೆಯ ಮೇಲೆ ಹಡಗು ಹೊತ್ತಿ ಉರಿದು ಮುಳುಗುವಾಗ ಶಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ. ಅದರಲ್ಲಿ ಎಷ್ಟೋ ಹಡಗುಗಳು ಬರೀ ಮಾದರಿ ಅಂತ ಗೊತ್ತಾದಾಗ ಮೋಸ ಹೋದೆ ಅನ್ನಿಸಲಿಲ್ಲ, ಹೊಟ್ಟೆಕಿಚ್ಚಾಯಿತು! 1960ರ ‘ಸಿಂಕ್ ದಿ ಬಿಸ್ಮಾರ್ಕ್’ ಚಿತ್ರದ ಕಾಳಗಕ್ಕೆ ತೊಟ್ಟಿಯ ನೀರಿನಲ್ಲಿ ಪುಟ್ಟ ಹಡಗುಗಳನ್ನೇ ಬಿಟ್ಟಿದ್ದರು. 1997ರ ‘ಟೈಟಾನಿಕ್’ಗೂ ಮೂಲದ ಇಪ್ಪತ್ತನೇ ಒಂದು ಅಳತೆಯ ಮಾದರಿ ಇತ್ತು. ಅಂಥದ್ದೊಂದನ್ನು ನಮ್ಮ ಪೀಣ್ಯದಲ್ಲೇ ಮಾಡ್ತಿದ್ದಾರೆ ಅಂದರೆ ಹೋಗದೆ ಇರೋಕಾಗುತ್ತಾ?

ಮಾಡುತ್ತಿದ್ದವರು ನನಗೆ ಹೊಸಬರೇನಲ್ಲ. ಪಿಯುಸಿ ಬಿಟ್ಟ ವರ್ಷ ನಾನು ಅದೇ ಶೆಡ್ಡಿನಲ್ಲಿ ಆರು ತಿಂಗಳು ಹೆಲ್ಪರ್. ಒಂದು ಡಜನ್ ಬುಷ್‌ಗಳಿಗೆ ತಪ್ಪು ತೂತು ಹೊಡೆದು, ಮುಖ ತೋರಿಸಲಾರದೆ ಓಡಿಬಂದ ಭೂಪ! ಅಣ್ಣ ಅಲ್ಲೇ ಟರ್ನರ್. ಹೆಸರು ಹಾಕಬೇಡ ಅಂದಿದ್ದಾರೆ, ಬರೀ ‘ಅಣ್ಣ’ ಅಂತಿರಲಿ. ಲೇತ್ ಹಿಂದಿನ ಗೋಡೆಯಲ್ಲಿ ಶಂಕರ್‌ನಾಗ್ ಫೋಟೋ ಹಾಗೇ ಇತ್ತು.

“ಬಾರೋ ಮಗಾ, ಸರಿಯಾದ ಟೈಮಿಗೆ ಬಂದೆ. ಶೆಡ್ ಮಾರಿಬಿಟ್ರು. ನಾಳೆ ಸೋಮವಾರ ಲೇತ್ ಎತ್ತುತಾರೆ.”

ಎರಡು ವರ್ಷ, ಭಾನುವಾರ ಭಾನುವಾರ, ಅದೇ ಲೇತ್ ಮೇಲೆ ಹುಟ್ಟಿದ ನೌಕೆ. ಇದು ಕೊನೆಯ ಭಾನುವಾರ. ಫಿರಂಗಿ ಇನ್ನೂ ಏಳುತ್ತಿಲ್ಲ!

ಮೂಲ ಯಾವುದು ಗೊತ್ತೇ? ಕಾರವಾರದ ಟಾಗೋರ್ ಕಡಲತೀರದಲ್ಲಿ 2006ರಲ್ಲಿ ವಸ್ತುಸಂಗ್ರಹಾಲಯವಾದ ಐಎನ್‌ಎಸ್ ಚಾಪೆಲ್. 1976ರಲ್ಲಿ ನೌಕಾಪಡೆ ಸೇರಿದ ಕ್ಷಿಪಣಿ ದೋಣಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆರಗಿದ ನಿಪಾತ್, ನಿರ್ಘಾತ್, ವೀರ್ ಇವೆಯಲ್ಲ, ಅವುಗಳ ತಂಗಿ ಅನ್ನಿ. ಅಣ್ಣ ಟಿಕೆಟ್ ತಗೊಂಡು, ಜೇಬಿನಲ್ಲಿ ಟೇಪ್ ಇಟ್ಟುಕೊಂಡು ಎರಡು ಸಲ ಹೋಗಿ ಅಳೆದು ಬಂದಿದ್ದರು. 38 ಮೀಟರಿಗೂ ಉದ್ದದ ನೌಕೆ, ಮೂವತ್ತೆರಡರಲ್ಲಿ ಒಂದಕ್ಕೆ ಇಳಿಸಿದರೆ ನಾಲ್ಕಡಿ. ಆದರೆ ತೂಕ ಮೂವತ್ತೆರಡು ಪಟ್ಟು ಇಳಿದರೆ ಸಾಲದು ಸ್ವಾಮಿ, 32,768 ಪಟ್ಟು ಇಳಿಯಬೇಕು! ಸುಮಾರು 240 ಟನ್ನಿನ ನೌಕೆ ಏಳೂವರೆ ಕೆ.ಜಿ. ಒಳಗೆ ಬರಬೇಕು. ಬ್ಯಾಟರಿ, ಮೋಟಾರು, ಗೇರು ಎಲ್ಲ ಸೇರಿ. ಒಂದು ಹಿತ್ತಾಳೆ ತುಂಡು ಹೆಚ್ಚಾದರೂ ನೀರಿನ ಗೆರೆ ಮೇಲೇರುತ್ತೆ.

ರೇಡಾರ್ ತಿರುಗೋದು ಸುಲಭ. ಎಸ್.ಪಿ. ರೋಡಿನ ಸಣ್ಣ ಮೋಟಾರಿಗೆ ಗೇರು ಕೊಟ್ಟು ವೇಗ ಇಳಿಸಿದರಾಯಿತು. ನಾಲ್ಕು ಕ್ಷಿಪಣಿ ಗೂಡುಗಳ ಬಾಗಿಲು ತೆರೆಯೋಕೆ ಒಂದೊಂದು ಸರ್ವೋ. ಕಗ್ಗಂಟು ಇದ್ದದ್ದು ಜೋಡಿ ನಳಿಗೆಯ ಫಿರಂಗಿ ಗೋಪುರದಲ್ಲಿ. ಅದು ಎಡಬಲಕ್ಕೆ ತಿರುಗಬೇಕು, ತಿರುಗುತ್ತಲೇ ನಳಿಗೆ ಮೇಲೇಳಬೇಕು. ಅಣ್ಣ ಗೋಪುರವನ್ನು ಟೊಳ್ಳು ಕೊಳವೆಯ ಮೇಲೆ ಕೂರಿಸಿ, ಕೊಳವೆಯೊಳಗಿಂದ ಸೈಕಲ್ ಕಡ್ಡಿ ಹಾಯಿಸಿ ನಳಿಗೆಗೆ ಕಟ್ಟಿದ್ದರು. ಗೋಪುರ ತಿರುಗಿದರೆ ಕಡ್ಡಿಯೂ ತಿರುಚಿಕೊಂಡು ಕಚ್ಚಿ ನಿಲ್ಲುತ್ತಿತ್ತು. ಸರ್ವೋ ಗುಂಯ್ ಅಂತ ಅಳುತ್ತಿತ್ತು.

ಮಧ್ಯಾಹ್ನ ಎರಡು ಗಂಟೆ. ಚಿತ್ರಾನ್ನ ಆರಿಹೋಗಿತ್ತು.

“ಅಣ್ಣಾ, ಕಟ್ಟೋದ್ಯಾಕೆ? ಸುಮ್ನೆ ಕೆಳಗಿಂದ ತಳ್ಳಿದ್ರೆ ಸಾಲದಾ?” ಅಂದೆ. ಬುಷ್ ಕೆಡಿಸಿದವನ ಮಾತು! ಬೈತಾರೆ ಅಂದುಕೊಂಡೆ. ಅಣ್ಣ ಮಾತಾಡದೆ ಕಡ್ಡಿಯ ಎರಡೂ ತುದಿ ಬಿಡಿಸಿದರು. ಕೆಳತುದಿಯನ್ನು ಗುಂಡಗೆ ಉಜ್ಜಿ ಸರ್ವೋದ ಚಪ್ಪಟೆ ತೋಳಿನ ಮೇಲೆ ನಿಲ್ಲಿಸಿದರು. ನಳಿಗೆಯ ಕೀಲನ್ನು ಸ್ವಲ್ಪ ಹಿಂದಕ್ಕೆ ಸರಿಸಿದರು. ಈಗ ಮೇಲೆತ್ತೋದು ಕಡ್ಡಿ, ಇಳಿಸೋದು ನಳಿಗೆಯ ಸ್ವಂತ ಭಾರ. ಗೋಪುರ ಎತ್ತ ತಿರುಗಿದರೂ ಕಡ್ಡಿಗೆ ಚಿಂತೆಯಿಲ್ಲ. ಹೊಸ ಕೀಲಿಗೆ ಬುಷ್ ಬೇಕಿತ್ತು. ಲೇತ್ ತೋರಿಸಿ, “ತೂತು ನೀನೇ ಹೊಡಿ” ಅಂದರು. ಕೈ ನಡುಗಿತು, ಸುಳ್ಳು ಯಾಕೆ ಹೇಳಲಿ. ಈ ಸಲ ಸರಿಹೋಯಿತು.

ಸಂಜೆ ತುಮಕೂರು ರಸ್ತೆಯಾಚೆಯ ಕೆರೆಗೆ ಹೋದೆವು. ಕಳೆಯಿಲ್ಲದ ಒಂದು ಮೂಲೆ ಸಿಕ್ಕಿತು. ಮೂಲ ನೌಕೆಗೆ ಮೂರು ಪ್ರೊಪೆಲ್ಲರ್, ಹಾಗಾಗಿ ಇದಕ್ಕೂ ಮೂರು. ಅಂದರೆ ನೀರು ನುಗ್ಗೋಕೆ ಮೂರು ದಾರಿ! ಹಿಂದಿನ ನೌಕೆ ಇಂಥದೇ ತೂತಿನಿಂದ ನೀರು ಕುಡಿದು ತಳ ಸೇರಿತ್ತು. ಅಣ್ಣ ಮೂರೂ ಕೊಳವೆಗೆ ಗ್ರೀಸ್ ತುಂಬಿ, ಪ್ಯಾಂಟು ಮಡಿಚಿ ಮೊಣಕಾಲು ನೀರಿಗಿಳಿದರು.

ಕ್ಯಾಮರಾಮನ್ ಯಾರು? ನಾನೇ! ನೌಕೆ ಚಿಕ್ಕದಾದರೂ ನೀರಿನ ಹನಿ ಚಿಕ್ಕದಾಗೋಲ್ಲ, ಅಲ್ಲೇ ಗುಟ್ಟು ರಟ್ಟು. ಅದಕ್ಕೇ ವೇಗವಾಗಿ ಹಿಡಿದು ನಿಧಾನವಾಗಿ ತೋರಿಸಬೇಕು. ಮೂವತ್ತೆರಡರ ವರ್ಗಮೂಲ ಐದೂವರೆಗಿಂತ ತುಸು ಹೆಚ್ಚು. 24ರ ಬದಲು ಸೆಕೆಂಡಿಗೆ ಸುಮಾರು 136 ಫ್ರೇಮ್ ಬೇಕು. ನನ್ನ ಮೊಬೈಲಿನಲ್ಲಿ 120 ಇತ್ತು. ನಡೆಯುತ್ತೆ ಅಂದರು ಅಣ್ಣ. ಮಣ್ಣಿನ ಮೇಲೆ ಅಂಗಾತ... ಅಲ್ಲ, ಬೋರಲು ಮಲಗಿ ಹಿಡಿದೆ.

ನೌಕೆ ಬಂತು. ಮೂತಿ ಎತ್ತಿಕೊಂಡು ನೀರು ಸೀಳಿಕೊಂಡು ಬಂತು! ಗೂಡಿನ ಬಾಗಿಲು ತೆರೆದವು. ಗೋಪುರ ನನ್ನ ಕಡೆ ತಿರುಗಿ, ನಳಿಗೆಗಳು ಮೆಲ್ಲಗೆ ಎದ್ದವು. ದಡದಲ್ಲಿ ಎಮ್ಮೆ ಮೈ ತೊಳೀತಿದ್ದ ಹುಡುಗ ಹಾಕಿದ ಶಿಳ್ಳೆ ಆ ವಿಡಿಯೋದಲ್ಲಿ ದಪ್ಪ ದನಿಯಾಗಿ ಎಳೆದೆಳೆದು ಕೇಳುತ್ತೆ.

ಹನ್ನೊಂದು ನಿಮಿಷ ಓಡಿತು. ಎತ್ತಿ ಬಗ್ಗಿಸಿದಾಗ ಒಳಗಿಂದ ಬಂದದ್ದು ಎರಡು ಚಮಚ ನೀರು.

“ನಡುವಿನ ಕೊಳವೆ ಕಣೋ. ಅದರ ಬುಷ್ ಇನ್ನೊಂದ್ಸಲ ತಿರುವಬೇಕು” ಅಂದರು ಅಣ್ಣ. ಆಮೇಲೆ ಲೇತ್ ನೆನಪಾಗಿ ಸುಮ್ಮನಾದರು. ಶೆಡ್ಡಿಗೆ ವಾಪಸಾಗಿ ಬೀಗ ತೆಗೆದಾಗ ರಾತ್ರಿ ಎಂಟೂವರೆ. ಲಾರಿ ಬರೋದು ಬೆಳಿಗ್ಗೆ ಏಳಕ್ಕೆ. ನಾನು ದೀಪ ಹಾಕಿದೆ, ಅಣ್ಣ ಲೇತ್ ಶುರು ಮಾಡಿದರು.